ಹುಲ್ಲಿಗೆ ಕಿವಿಗೊಟ್ಟ ಅಲಮೇಲು

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಅಲಮೇಲು ತಮ್ಮ ಮನೆಯ ಮುಂದಿನ ಹುಲ್ಲುಹಾಸಿನ ಅಂಚಿನಲ್ಲಿ, ಗೋಣಿತಾಟಿನ ಮೇಲೆ ಮೊಣಕಾಲೂರಿ, ಎಡಗಿವಿಯನ್ನು ನೆಲಕ್ಕೆ ಆನಿಸಿಕೊಂಡು ಏನನ್ನೋ ಕೇಳುತ್ತಿದ್ದರು. ಗಿರಿನಗರದ ಆ ಅಡ್ಡರಸ್ತೆಯವರಿಗೆ ಈ ದೃಶ್ಯ ಹೊಸದಲ್ಲ. ಹೊಸಬರು ಯಾರಾದರೂ ಗೇಟಿನಾಚೆ ನಿಂತು, "ಆಂಟಿ, ಏನಾಯ್ತು, ಬಿದ್ರಾ?" ಎಂದು ಗಾಬರಿಯಿಂದ ಕೇಳಿದರೆ ಅವರು ತಲೆ ಎತ್ತುವುದಿಲ್ಲ, ಬಲಗೈಯನ್ನಷ್ಟೇ ಎತ್ತಿ, "ಒಂದ್ನಿಮಿಷ, ಲೈನಲ್ಲಿರಿ" ಎನ್ನುತ್ತಾರೆ.

ಅದು ಅವರ ವೃತ್ತಿ ಬಿಟ್ಟುಹೋದ ಮಾತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುತ್ತ ಕೆಲಸಕ್ಕೆ ಸೇರಿದ ಅಲಮೇಲು, ಟ್ರಂಕ್ ಕಾಲ್ ಎಂಬುದೇ ಇಲ್ಲವಾದ ಮೇಲೂ ಅದೇ ಇಲಾಖೆಯಲ್ಲಿ ಬೇರೆ ಬೇರೆ ಕುರ್ಚಿಗಳಲ್ಲಿ ಕುಳಿತು ನಿವೃತ್ತರಾದವರು. ಹೆಡ್‌ಫೋನು ಕೂರುತ್ತಿದ್ದ ಎಡಗಿವಿಯನ್ನು ತುಸು ಮುಂದೆ ಮಾಡಿಕೊಂಡೇ ನಡೆಯುತ್ತಾರಾದ್ದರಿಂದ, ಎದುರಿಗೆ ಬರುವವರಿಗೆ ಅವರು ಸದಾ ಪಕ್ಕದ ಮನೆಯ ಮಾತನ್ನು ಕೇಳಿಸಿಕೊಳ್ಳುತ್ತಿರುವಂತೆ ಕಾಣುತ್ತಾರೆ. ಸೀರೆಯ ಮೇಲೆ ಗಂಡ ಜಯಸಿಂಹರ ಹಳೆಯ, ತೋಳಿಲ್ಲದ ಬೂದುಬಣ್ಣದ ಸ್ವೆಟರು, ಬೇಸಿಗೆಯಲ್ಲೂ ಅದೇ. ಎಕ್ಸ್‌ಚೇಂಜಿನ ಯಂತ್ರಗಳಿಗಾಗಿ ಹಾಕಿದ್ದ ಏಸಿಯ ಚಳಿ ಮೈಯಿಂದ ಇನ್ನೂ ಇಳಿದಿಲ್ಲವೆಂದು ಅವರ ವಾದ.

ನೆಲದೊಳಗಿನ ಸದ್ದನ್ನು ಮೊದಲು ಕೇಳಿದ್ದು ಆ ಕಿವಿಯೇ. ಮಳೆಗಾಲ ಮುಗಿದು, ಹುಲ್ಲು ಸವೆದು ಮಣ್ಣು ಕಾಣುತ್ತಿದ್ದ ಕಡೆ ಪೆನ್ಸಿಲು ಗಾತ್ರದ ಒಂದೊಂದೇ ರಂಧ್ರ ಕಾಣಿಸಿಕೊಂಡಿತು. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ದುಂಡು ಜೇನುಗಳು ಅಲ್ಲಿ ಇಳಿಯುತ್ತಿದ್ದವು. ಅವುಗಳ ಆಚೆ, ನಲ್ಲಿಯ ಬಳಿ, ಕಪ್ಪು ಕಣಜಗಳು ತಮಗಿಂತ ದೊಡ್ಡ ಮಿಡತೆಗಳನ್ನು ಹಿಂದುಹಿಂದಕ್ಕೆ ಎಳೆದು ತರುತ್ತಿದ್ದವು. ಅಲಮೇಲು ವಾರಗಟ್ಟಲೆ ನೋಡಿ ಒಂದು ವಿಷಯ ಖಚಿತಪಡಿಸಿಕೊಂಡರು. ಇವಕ್ಕೆ ರಾಣಿಯಿಲ್ಲ, ಸೈನ್ಯವಿಲ್ಲ, ಕಾಯಬೇಕಾದ ದೊಡ್ಡ ತುಪ್ಪದ ಗೂಡೂ ಇಲ್ಲ; ಒಂದೊಂದು ತಾಯಿಗೂ ಒಂದೊಂದು ಬಿಲ, ಎಣಿಸಿದರೆ ಒಟ್ಟು ಇಪ್ಪತ್ತಮೂರು. ಹಿಸುಕಿದರೆ ಚುಚ್ಚಿಯಾವು, ತಾವಾಗಿ ಮೇಲೆ ಬೀಳವು. "ಬಾಡಿಗೆದಾರರು ಕಣ್ರೀ. ಒಬ್ಬರ ಮನೆಗೆ ಒಬ್ಬರು ಹೋಗಲ್ಲ" ಎಂದು ಅವರು ಜಯಸಿಂಹರಿಗೆ ವರದಿ ಕೊಟ್ಟರು. "ನಮ್ಮ ನೆಂಟರಿಗಿಂತ ವಾಸಿ ಬಿಡು" ಎಂದರು ಜಯಸಿಂಹ, ಪೇಪರಿನ ಹಿಂದಿನಿಂದ.

ಜನವರಿಯಲ್ಲಿ ಮಗಳು ಸಮನ್ವಿತಾ ಒಂದು ತಿಂಗಳ ಕೂಸು ಸಿರಿಯನ್ನೆತ್ತಿಕೊಂಡು ಬಾಣಂತನಕ್ಕೆ ಬಂದಳು. ಕೂಸಿಗೆ ಎಳೆಬಿಸಿಲು ಬೇಕು; ಮನೆಯಲ್ಲಿ ಎಳೆಬಿಸಿಲು ಬೀಳುವ ಜಾಗ ಆ ಹುಲ್ಲೊಂದೇ. ಸಮನ್ವಿತಾಳಿಗೆ ಕಣಜವೆಂದರೆ ಚಿಕ್ಕಂದಿನಿಂದಲೂ ಜೀವಭಯ. ಒಂದನೆಯ ಕ್ಲಾಸಿನಲ್ಲಿ ಕಿಟಕಿಯ ಗೂಡಿಗೆ ಕೈ ತಾಗಿಸಿ, ಎರಡು ದಿನ ಕಣ್ಣು ಬಿಡಲಾಗದಷ್ಟು ಮುಖ ಊದಿಸಿಕೊಂಡಿದ್ದವಳು.

"ಅಮ್ಮ, ಇವನ್ನೆಲ್ಲ ಇಟ್ಕೊಂಡು ನೀನು ಮಗೂನ ಇಲ್ಲಿ ಮಲಗಿಸ್ತೀಯಾ?"

"ಒಬ್ಬರ ಮನೆಗೆ ಒಬ್ಬರು ಹೋಗಲ್ಲ ಅವು, ನೆಲ ಬಿಸಿ ಆಗೋವರೆಗೂ ಏಳೋದೂ ಇಲ್ಲ ಕಣೆ. ಒಂಬತ್ತರವರೆಗೆ ನಿನ್ನ ಮಗಳದ್ದು, ಆಮೇಲೆ ಅವರದ್ದು."

"ಎಲ್ಲಿ ಕಾಲಿಡಬೇಕು, ಎಲ್ಲಿ ಇಡಬಾರದು, ಅದಾದ್ರೂ ಗೊತ್ತಾಗ್ಬೇಕಲ್ಲ?"

ಈ ಮಾತು ನ್ಯಾಯವೆಂದು ಅಲಮೇಲುವಿಗೆ ತೋರಿತು. ತಪ್ಪು ನಡೆದದ್ದೂ ಅಲ್ಲಿಯೇ. ಅಂಗಳದಲ್ಲಿ ಏನನ್ನು ಗುರುತಿಸಬೇಕಾದರೂ ಅವರ ಕೈ ಹೋಗುವುದು ರಂಗೋಲಿ ಡಬ್ಬಿಗೆ. ಮರುದಿನ, ಜೇನುಗಳ ಕೆಲಸಕ್ಕೆ ಅಡ್ಡಿಯಾಗಬಾರದೆಂಬ ಸೌಜನ್ಯದಿಂದ, ಅವು ಹೂವಿಗೆ ಹೋಗಿರುವ ಹೊತ್ತನ್ನೇ ಕಾದು, ಒಂದೊಂದು ರಂಧ್ರದ ಸುತ್ತಲೂ ಬಿಳಿಯ ಬಳೆ ಬರೆದರು. ಇಡೀ ಜಾಗಕ್ಕೆ ಕೆಮ್ಮಣ್ಣಿನ ಅಂಚು ಕಟ್ಟಿದರು. ಶುಕ್ರವಾರದ ಹೊಸಿಲಿನಂತೆ ನೆಲ ಲಕ್ಷಣವಾಗಿ ಕಾಣುತ್ತಿತ್ತು.

ಬೆಳಿಗ್ಗೆ ಮೋಡ ಕವಿದಿದ್ದ ಆ ದಿನ, ಬಿಸಿಲು ಬಂದದ್ದು ತಡವಾಗಿ. ಸಮನ್ವಿತಾ ಕೂಸನ್ನೆತ್ತಿಕೊಂಡು ಹೊರಗೆ ಬಂದಾಗ ಹುಲ್ಲಿನ ಮೇಲೆ ಮೊಣಕಾಲೆತ್ತರದಲ್ಲಿ ಜೇನುಗಳೆಲ್ಲ ಒಟ್ಟಾಗಿ ಗುಂಯ್‌ಗುಡುತ್ತ ಸುತ್ತುತ್ತಿದ್ದವು. ಇಳಿಯುತ್ತಿರಲಿಲ್ಲ, ಹೋಗುತ್ತಲೂ ಇರಲಿಲ್ಲ. ಅವಳು ಕಿರುಚಿ, ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೋಡಿ, ಬಾಗಿಲು ಹಾಕಿಕೊಂಡಳು.

"ಒಬ್ಬರ ಮನೆಗೆ ಒಬ್ಬರು ಹೋಗಲ್ಲ ಅಂದ್ಯಲ್ಲ? ಅಲ್ಲಿ ಸೈನ್ಯಾನೇ ಇದೆ! ನಾಳೆ ಬೆಳಿಗ್ಗೆಗೆ ಔಷಧಿ ಹೊಡೆಯೋರಿಗೆ ಹೇಳಿದೀನಿ. ಬೇಡ ಅಂದ್ರೆ ಹೇಳಿಬಿಡು, ನಾನು ಉತ್ತರಹಳ್ಳಿಗೆ ಹೋಗ್ತೀನಿ. ನಮ್ಮತ್ತೆ ಮನೇಲಿ ಬಿಸಿಲು ಟೆರೇಸಿಗೆ ಬರತ್ತೆ."

ಮಗಳ ಬಾಣಂತನವೆಂದರೆ ಅಲಮೇಲುವಿಗೆ ಬರೀ ಮೆಣಸು-ಬೆಳ್ಳುಳ್ಳಿಯ ಸಾರಲ್ಲ. ಸಮನ್ವಿತಾ ಚಿಕ್ಕವಳಿದ್ದಾಗ ನೈಟ್ ಡ್ಯೂಟಿಗಳಲ್ಲಿ ಕಳೆದುಹೋದ ಹೊತ್ತನ್ನು ಈ ಮೂರು ತಿಂಗಳಲ್ಲಿ ಒಂದಿಷ್ಟಾದರೂ ಹಿಂದಕ್ಕೆ ಪಡೆಯುವ ಆಸೆ. ಹಾಗೆಂದು ನೆಲದೊಳಗಿನ ತಾಯಂದಿರಿಗೆ ವಿಷ ಹೊಡೆಸುವುದಕ್ಕೂ ನಾಲಗೆ ಹೊರಳಲೊಲ್ಲದು. ಅವರು ವೆರಾಂಡದ ಮೆಟ್ಟಿಲ ಮೇಲೆ ಕುಳಿತರು. ಲೈನು ಕೆಟ್ಟಾಗ ಅವರು ಮೊದಲು ಮಾಡುತ್ತಿದ್ದುದೂ ಇದನ್ನೇ: ಯಾರನ್ನೂ ಬೈಯದೆ, ಎಲ್ಲಿ ಕೆಟ್ಟಿದೆಯೆಂದು ಸುಮ್ಮನೆ ಕೇಳುವುದು.

ತುಳಸಿಕಟ್ಟೆಯ ಹಿಂದೆ ಒಂದು ರಂಧ್ರಕ್ಕೆ ಬಳೆ ಬರೆಯುವುದು ಮರೆತುಹೋಗಿತ್ತು. ಉಳಿದವು ಸುತ್ತುತ್ತಲೇ ಇದ್ದಾಗ, ಆ ಬಿಲದ ಜೇನು ಎಲ್ಲಿಂದಲೋ ಬಂದು, ಅನುಮಾನಿಸದೆ, ನೆಟ್ಟಗೆ ಒಳಕ್ಕೆ ಹೋಯಿತು.

ಅಲಮೇಲುವಿಗೆ ಹೊಳೆಯಿತು. ಹೋಗುವಾಗ ಇದ್ದ ಒಣಗಿದ ಎಲೆ, ಸಣ್ಣ ಕಲ್ಲು, ಮಣ್ಣಿನ ಬಣ್ಣ, ಇವೇ ಅವುಗಳ ವಿಳಾಸ. ತಾನು ಎಲ್ಲರ ವಿಳಾಸದ ಮೇಲೂ ಸುಣ್ಣ ಬಳಿದಂತಾಗಿದೆ! ಸಂಜೆಯವರೆಗೆ ಕೂತು, ಒದ್ದೆ ಬಟ್ಟೆಯಲ್ಲಿ ಒಂದೊಂದೇ ಬಳೆಯನ್ನು ಒತ್ತಿ ತೆಗೆದರು, ಕೆಮ್ಮಣ್ಣನ್ನು ಗುಡಿಸಿದರು.

ಮರುದಿನ ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡು ಬಂದ ಹುಡುಗ ಸುಭಾಷ್ ಗೇಟು ತೆರೆಯುತ್ತಿದ್ದಂತೆ ಅಲಮೇಲು ಕೈ ಎತ್ತಿದರು. "ಲೈನಲ್ಲಿರಪ್ಪ, ಸ್ವಲ್ಪ." ಆಮೇಲೆ ಮಗಳನ್ನು ವೆರಾಂಡದ ಗ್ರಿಲ್ಲಿನ ಒಳಗೆ ಕೂರಿಸಿದರು. ಜೇನುಗಳು ಬಂದವು, ಹೋದವು, ಯಾವುದೂ ಗುಂಪುಗೂಡಲಿಲ್ಲ. ಒಂದು ಹೊರಗೆ ಹೋದದ್ದೇ ತಡ, ಅಲಮೇಲು ಅದರ ಬಿಲಕ್ಕೊಂದು ಬಿಳಿಯ ಬಳೆ ಬರೆದರು. ಅದು ಹಿಂಗಾಲ ತುಂಬ ಹಳದಿ ಪುಡಿ ಮೆತ್ತಿಕೊಂಡು ವಾಪಸು ಬಂದು, ಬಳೆಯ ಮೇಲೆ ತೂಗಾಡಿತು, ಪಕ್ಕಕ್ಕೆ ಸರಿದು ಹುಡುಕಿತು, ಮತ್ತೆ ಬಂತು. ಅಕ್ಕಪಕ್ಕದವು ತಮ್ಮ ಪಾಡಿಗೆ ಇಳಿಯುತ್ತಿದ್ದವು.

"ಏನ್ಮಾಡ್ತಿದೆ ಅದು?"

"ಮನೆ ಹುಡುಕ್ತಿದೆ."

"ನಿನ್ನೆ ಅಷ್ಟೂ…"

"ಮತ್ತಿನ್ನೇನು, ನಿನ್ನ ಮುಖ ಊದಿಸೋಕೆ ಬಂದಿದ್ವಾ? ರಂಗೋಲಿ ಹಾಕಿ ದಾರಿ ತಪ್ಪಿಸಿದ್ದು ನಾನು. ಅವನ್ನ ಬಯ್ಯಬೇಡ."

ಸಮನ್ವಿತಾ ಕೂಸನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದಳು. ಜೇನು ಮೂರನೆಯ ಸಲ ಇಳಿಯಲು ನೋಡಿ, ಹಿಂಜರಿಯಿತು.

"ಕಾಲಲ್ಲಿರೋದು ಮರಿಗೆ ಊಟಾನಾ?"

"ಹೂಂ."

"ಅಳಿಸಮ್ಮ, ಸಾಕು. ಪಾಪ."

ಅಲಮೇಲು ಅಳಿಸಿದರು. ಸ್ವಲ್ಪ ಹೊತ್ತು ತಡಕಾಡಿದ ಜೇನು ಒಳಗೆ ಹೋಯಿತು. ಗೇಟಿನಲ್ಲಿ ನಿಂತಿದ್ದ ಸುಭಾಷ್ ಭಾರ ಬದಲಿಸಿಕೊಂಡು, "ಮೇಡಂ, ಹೊಡೀಲಾ ಬೇಡ್ವಾ? ತಿಲಕ್ ನಗರದಲ್ಲಿ ಇನ್ನೊಂದು ಮನೆ ಕಾಯ್ತಿದೆ" ಎಂದ. ಸಮನ್ವಿತಾ ತಾನೇ, "ಬೇಡ ಬಿಡಿ ಅಣ್ಣ" ಎಂದಳು. ಬಂದವನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅಲಮೇಲು ಅವನಿಗೆ ಬಿಸಿ ಬಿಸಿ ಪೊಂಗಲ್ ಕೊಟ್ಟರು.

ಬಾಣಂತನ ಉತ್ತರಹಳ್ಳಿಗೆ ಹೋಗಲಿಲ್ಲ. ಸಿರಿ ಒಂಬತ್ತರವರೆಗೆ ಹುಲ್ಲಿನ ಮೇಲೆ ಕೈಕಾಲು ಬಡಿಯುತ್ತಾಳೆ. ಆಮೇಲೆ ಅವಳ ತಾಯಿಯೇ ಚಾಪೆ ಸುತ್ತಿಕೊಂಡು, "ಏಳಮ್ಮ, ಅವರು ಬರೋ ಹೊತ್ತಾಯ್ತು" ಎಂದು ಎತ್ತಿಕೊಳ್ಳುತ್ತಾಳೆ. ಅವಳ ಭಯ ಪೂರ್ತಿ ಹೋಗಿಲ್ಲ. ಕಣಜಗಳಿರುವ ನಲ್ಲಿಯ ಕಡೆಗೆ ಈಗಲೂ ಸುಳಿಯುವುದಿಲ್ಲ. ಅಲಮೇಲು ಅದಕ್ಕೆ ಒತ್ತಾಯಿಸುವವರೂ ಅಲ್ಲ.

ಇಂಥವರು ಎಲ್ಲ ಬಡಾವಣೆಗಳಲ್ಲೂ ಒಬ್ಬಿಬ್ಬರು ಇರುತ್ತಾರೆ. ಪ್ರಾಣಿದಯೆಯ ಭಾಷಣ ಅವರ ಬಾಯಿಂದ ಬರುವುದಿಲ್ಲ. ಅಡುಗೆಮನೆಯಲ್ಲಿ ಜಿರಳೆ ಕಂಡರೆ ಪೊರಕೆಯಿಂದ ಹೊಡೆದೇ ತೀರುತ್ತಾರೆ. ಆದರೆ ತಮ್ಮ ಹೆಸರಿನಲ್ಲಿ ಖಾತೆಯಾಗಿರುವ ನೆಲದಲ್ಲಿ ಬೇರೆಯವರೂ ಬದುಕು ಹೂಡಿದ್ದಾರೆಂದು ಒಮ್ಮೆ ತಿಳಿದುಬಿಟ್ಟರೆ, ಆ ತಿಳಿವಳಿಕೆಯನ್ನು ಅನುಕೂಲಕ್ಕಾಗಿ ಮರೆಯುವುದು ಅವರಿಗೆ ಸಾಧ್ಯವಾಗುವುದಿಲ್ಲ. ಪ್ರೀತಿಗಿಂತ ನಿಖರತೆಯೇ ಅವರನ್ನು ಮೃದುವಾಗಿಸುತ್ತದೆಯೋ ಏನೋ. ಫೆಬ್ರವರಿಯ ಒಂದು ಮಧ್ಯಾಹ್ನ, ಯಾವುದೋ ಸಮೀಕ್ಷೆಗೆಂದು ಗೇಟಿಗೆ ಬಂದಾಕೆ ಪೆನ್ನು ಹಿಡಿದು, "ಈ ಅಡ್ರೆಸ್ಸಲ್ಲಿ ಎಷ್ಟು ಜನ ಇದೀರಾ ಮೇಡಂ?" ಎಂದು ಕೇಳಿದಾಗ, ಅಲಮೇಲು ಒಮ್ಮೆ ಒಳಮನೆಯ ಕಡೆಗೆ, ಒಮ್ಮೆ ಹುಲ್ಲಿನ ಕಡೆಗೆ ತಿರುಗಿ, ಮನಸ್ಸಿನಲ್ಲೇ ಕೂಡಿ, ನಗದೆ ಹೇಳಿದರು:

"ಇಪ್ಪತ್ತೇಳು."