ರಾಕ್ಷಸನ ಹೊಟ್ಟೆಗೊಂದು ಕಂಬಿ
ಮನರಂಜನಾ ಪಾರ್ಕಿನ ದೈತ್ಯ ರಾಕ್ಷಸ ಬೊಂಬೆಯ ಹೊಟ್ಟೆಯೊಳಗೆ ಓಡಾಡುವ ಮಕ್ಕಳು ಜಾರಿ ಬೀಳದಂತೆ ಹಿಡಿದುಕೊಳ್ಳಲು ಕಂಬಿ ಹಾಕದಿದ್ದರೆ ನಾಳೆ ಬಾಗಿಲು ತೆರೆಯುವಂತಿಲ್ಲ ಎಂದು ಸುರಕ್ಷತಾ ಅಧಿಕಾರಿಣಿ ಹೇಳಿಹೋಗಿದ್ದರು. ಹೊಟ್ಟೆಯಲ್ಲಿ ಎಲ್ಲಾದರೂ ಕಂಬಿ ಇರುತ್ತದೆಯೇ? ಪೇಂಟರ್ ತಲೆ ಕೆರೆದುಕೊಂಡು, ಕಂಬಿ ಹಾಕಿಸಿ, ಅದಕ್ಕೆ ಸ್ಪಂಜು ಸುತ್ತಿ, ಗುಲಾಬಿ ಬಣ್ಣ ಬಳಿದು ಕರುಳು ಮಾಡಿದ.

ಮರುದಿನ ಬೆಳಿಗ್ಗೆ ಅಧಿಕಾರಿಣಿ ಅದನ್ನು ನೋಡಿ ಮೂಗು ಮುರಿದರು. "ಥೂ, ಇದನ್ನ ಯಾರ್ರೀ ಮುಟ್ತಾರೆ? ಮುಟ್ಟದ ಕಂಬಿ ಇದ್ರೆಷ್ಟು, ಬಿಟ್ರೆಷ್ಟು? ಸಹಿ ಹಾಕಲ್ಲ."

ಪೇಂಟರ್ ಬ್ರಷ್ ಕೈಗೆತ್ತಿಕೊಂಡ. "ಬೇಕಾದ್ರೆ ಬಿಳಿ ಬಣ್ಣ ಹೊಡೀತೀನಿ ಮೇಡಂ."

"ಬಿಳಿ ಕರುಳು ಯಾವ ರಾಕ್ಷಸಂಗಿರುತ್ರೀ?" ಎಂದು ಗದರುತ್ತಾ ತಿರುಗಿದವರ ಕಾಲು ಜಾರಿತು. ಎರಡೂ ಕೈಯಿಂದ ಕರುಳನ್ನು ತಬ್ಬಿಕೊಂಡು ನೇತಾಡಿದರು. ಕರುಳು ಒಂದಿಷ್ಟೂ ಅಲುಗಲಿಲ್ಲ.

"ಬಿಡ್ಬೇಡಿ ಮೇಡಂ!"

"ನಾನ್ಯಾಕ್ರೀ ಬಿಡ್ಲಿ? ಮೊದ್ಲು ನನ್ನ ಎತ್ರಿ, ಆಮೇಲೆ ಪೆನ್ನು ಕೊಡ್ರಿ!"