ಲಲಿತನ ಗಂಟು ಮುದ್ದೆ

ಲಲಿತಮ್ಮನಿಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಅರವತ್ತು ದಾಟಿದ ಮೇಲೆ. ಯಾರ ಮೇಲೆ ಅಂತ ಕೇಳಿದರೆ ಹೇಳುವುದಕ್ಕೇ ನಾಚಿಕೆ. ನೆರೆಮನೆಯವಳ ಮೇಲಲ್ಲ, ವಾರಗಿತ್ತಿಯ ಮೇಲಲ್ಲ, ಲಲಿತ ಅನ್ನುವ ಹೊಸ ಮದುವಣಗಿತ್ತಿಯೊಬ್ಬಳ ಮೇಲೆ. ಆ ಲಲಿತ ಬೇರೆ ಯಾರೂ ಅಲ್ಲ, ಒಂದು ಕಾಲದಲ್ಲಿ ಇವಳೇ.

ಗಂಡ ಚಿಕ್ಕಣ್ಣನಿಗೆ ಮರೆವಿನ ಕಾಯಿಲೆ. ಇದು ವಾಸಿಯಾಗುವಂಥದ್ದಲ್ಲ, ಹುಷಾರಾಗಿ ನೋಡಿಕೊಳ್ಳಿ ಅಂತ ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು. ಹಗಲು ಹೊತ್ತು ಅಷ್ಟೇನೂ ತೊಂದರೆ ಇರಲಿಲ್ಲ. ಜಾವಗಲ್ಲಿನ ಮನೆಯ ಜಗಲಿ ಮೇಲೆ ಕೂತು, ಅಟ್ಟದಿಂದ ಇಳಿಸಿದ ತೆಂಗಿನಕಾಯಿಗಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗೆ ಲೊಡಲೊಡ ಅಂದರೆ ಕೊಬ್ಬರಿಯಾಗಿದೆ ಅಂತ ಬಲಗಡೆ, ಇನ್ನೂ ನೀರಿನ ಸದ್ದು ಬಂದರೆ ಎಡಗಡೆ. ಅದರಲ್ಲಿ ಕೈ ತಪ್ಪುತ್ತಿರಲಿಲ್ಲ. ಹೊತ್ತು ಇಳಿಯಿತು ಅಂದರೆ ಮಾತ್ರ ಬೇರೆಯೇ ಮನುಷ್ಯ. ಒಳಗೆ ಬಂದು ಬಿಳಿ ಅಂಗಿ ತೊಟ್ಟುಕೊಂಡು, ಹೆಗಲಿಗೆ ಟವಲು ಹಾಕಿಕೊಂಡು, ಕೊಡೆ ಹುಡುಕುತ್ತಿದ್ದ.

"ಎಲ್ಲಿಗೆ?" ಅಂದರೆ, "ಹಗರೆಗೆ ಕಣಮ್ಮ. ಆಷಾಢ ಮುಗೀತಲ್ಲ, ಲಲಿತನ್ನ ಕರ್ಕೊಂಬರ್ಬೇಕು" ಅನ್ನುತ್ತಿದ್ದ.

ಹಗರೆ ಲಲಿತಮ್ಮನ ತವರು. ಮದುವೆಯಾದ ಮೊದಲನೆಯ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ತುಳಿಯಬಾರದು ಅಂತ ಹೆಣ್ಣನ್ನು ತವರಿಗೆ ಕಳಿಸುತ್ತಾರೆ. ತಿಂಗಳು ಕಳೆದ ಮೇಲೆ ಗಂಡನೇ ಹೋಗಿ ಕರೆತರಬೇಕು. ಚಿಕ್ಕಣ್ಣ ಆ ಒಂದು ತಿಂಗಳಲ್ಲಿ ಸಿಕ್ಕಿಕೊಂಡಿದ್ದ. ಆಮೇಲೆ ಹುಟ್ಟಿದ ಮಗ ಮೋಹನ್‌ಕುಮಾರ್, ಕಟ್ಟಿಸಿದ ಮನೆ, ನೆಟ್ಟ ತೆಂಗು, ಎಲ್ಲ ಎಲ್ಲೋ ಜಾರಿಹೋಗಿತ್ತು. ಉಳಿದವಳು ಲಲಿತ ಒಬ್ಬಳೇ. ಎದುರಿಗೆ ನಿಂತ ಲಲಿತಮ್ಮನನ್ನು ಅವನು ಅಡುಗೆಯವಳು ಅಂದುಕೊಂಡಿದ್ದ.

"ಅವ್ಳ ಜಡೆ ನೀವು ನೋಡಿಲ್ಲ ಕಣಮ್ಮ," ಅಂತ ಒಂದು ದಿನ ಅವಳಿಗೇ ಹೇಳಿದ. "ಬಾವಿ ಹಗ್ಗ ಇದ್ದಂಗೈತೆ. ನಕ್ಕರೆ ಇಡೀ ಹಟ್ಟಿಗೆ ಕೇಳ್ತದೆ. ನಮ್ಮವ್ವಂಗೆ ಆಗಕಿಲ್ಲ. ನಂಗಾಯ್ತದೆ."

ಲಲಿತಮ್ಮ ಸೊಪ್ಪು ಬಿಡಿಸುತ್ತಿದ್ದವಳು ಹಾಗೇ ಕೂತಳು. ಮದುವೆಯಾಗಿ ಇಷ್ಟು ಕಾಲವಾದರೂ ಈ ಗಂಡಸು ಅವಳ ಜಡೆಯ ಬಗ್ಗೆ ಒಂದು ಮಾತು ಆಡಿದವನಲ್ಲ. ಈಗ ಆಡುತ್ತಿದ್ದಾನೆ, ಯಾರ ಮುಂದೆಯೋ ಆಡಿದ ಹಾಗೆ. ಜಡೆ ಉದುರಿ ಹಿಡಿಯಷ್ಟಾಗಿದೆ, ಅವನ ಒದ್ದೆ ಪಂಚೆ ಒಗೆದು ಒಗೆದು ಕೈಯ ಚರ್ಮ ಸುಲಿದಿದೆ. ಸೇವೆಗೆ ಇವಳು, ಹೊಗಳಿಕೆಗೆ ಅವಳು.

"ನಾನೇ ಕಣ್ರೀ ಲಲಿತ! ಸರಿಯಾಗ್ ನೋಡಿ!" ಅಂತ ಮುಖ ಅವನ ಮುಖಕ್ಕೆ ಹಿಡಿದಳು.

ಅವನು ಬೆಚ್ಚಿ ಹಿಂದೆ ಸರಿದ. "ತೆಗಿ ತೆಗಿ. ಸುಳ್ಳು ಹೇಳಕ್ಕೂ ಒಂದು ಲೆಕ್ಕ ಬ್ಯಾಡ್ವಾ? ನಮ್ಮ ಲಲಿತ ಮುದುಕಿಯಾ?" ಅಂದವನೇ ಅವಳ ತೋಳನ್ನು ದೂಡಿದ. ಬಳೆ ಒಡೆಯಿತು.

ಸೊಸೆ ಹೇಮಾಶ್ರೀ ಬೇಲೂರಿನ ಶಾಲೆಯಲ್ಲಿ ಟೀಚರು. ಇಂಥ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಬೇಲೂರಿನಲ್ಲಿ ಒಬ್ಬ ನರ್ಸಮ್ಮ ತಿಳಿವಳಿಕೆ ಹೇಳುತ್ತಾರೆಂದು ಕೇಳಿ, ಹೋಗಿ ಕೇಳಿಕೊಂಡು ಬಂದಿದ್ದಳು. ಅಂದು ಸಂಜೆ ಬಸ್ಸು ಇಳಿದು ಬಂದವಳು ಒಡೆದ ಬಳೆ ನೋಡಿದಳು.

"ಅತ್ತೆ, ಅವರ ಜೊತೆ ವಾದ ಮಾಡ್ಬೇಡಿ. ಮಾವ ಬೇಕೂಂತ ಮಾಡ್ತಿಲ್ಲ. ಅವರಿಗೆ ಅದೇ ನಿಜ. ಅವರು ಎಲ್ಲಿದ್ದಾರೋ ನಾವೇ ಅಲ್ಲಿಗೆ ಹೋಗಬೇಕಂತೆ. ಲಲಿತ ಅಂದ್ರೆ, ಹೌದಾ, ಹೇಗಿದ್ಲು ಹೇಳಿ ಅನ್ನಿ."

"ಅಂತೀನವ್ವ, ಅಂತೀನಿ," ಅಂದಳು ಲಲಿತಮ್ಮ. "ನಿನ್ನ ಗಂಡ ನಿನ್ನ ಮುಂದೆನೇ ಕೂತ್ಕಂಡು ಇನ್ನೊಬ್ಬಳ ಜಡೆ ಹೊಗಳ್ಲಿ, ಆಗ ನೀನೂ ಹೇಗಿದ್ಲು ಅಂತ ಕೇಳೀವಂತೆ."

"ಇನ್ನೊಬ್ಬಳಲ್ಲ ಅತ್ತೆ, ಅದು ನೀವೇ."

"ನಾನಾಗಿದ್ರೆ ನಂಗ್ಯಾಕೆ ಸಿಗ್ತಿಲ್ಲ?"

ಹೇಮಾಶ್ರೀ ಬಗ್ಗಿ ಬಳೆಯ ಚೂರುಗಳನ್ನು ಆಯತೊಡಗಿದಳು.

ಆಮೇಲೆ ಊಟದ ಜಗಳ ಶುರುವಾಯಿತು. ಚಿಕ್ಕಣ್ಣ ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡಿ ತಟ್ಟೆ ಸರಿಸತೊಡಗಿದ. ಲಲಿತಮ್ಮನ ಮುದ್ದೆ ಅಂದರೆ ಬೀದಿಯಲ್ಲೆಲ್ಲ ಹೆಸರು, ಬೆಣ್ಣೆಯ ಹಾಗೆ ಜಾರುತ್ತದೆ. ಅದನ್ನು ಮುಟ್ಟದೆ ಅವನು ದಿನದಿಂದ ದಿನಕ್ಕೆ ಬಡವಾಗುತ್ತಾ ಬಂದ, ಸೊಂಟದ ಮೇಲೆ ಪಂಚೆ ನಿಲ್ಲದಾಯಿತು. ಹೀಗೇ ಆದರೆ ಮನುಷ್ಯ ಉಳಿಯುವುದಿಲ್ಲ ಅನ್ನುವ ಭಯ ಅವಳ ಎದೆಯಲ್ಲಿ ಕೂತಿತು. ಒಂದು ಸಂಜೆ ಹುರುಳಿಕಾಳಿನ ಸಾರು ಬಿಟ್ಟು, ಪಕ್ಕದಲ್ಲೇ ಕೂತು, ತಾನೇ ತುತ್ತು ಮಾಡಿ ಬಾಯಿಗೆ ಹಿಡಿದಳು.

ಅವನು ಬಾಯಿ ಬಿಗಿಹಿಡಿದು ತಲೆ ಆಡಿಸಿದ. "ಇದು ಲಲಿತನ ಮುದ್ದೆ ಅಲ್ಲ. ಅವ್ಳು ಬರ್ಲಿ. ಅವ್ಳು ಮಾಡಿದ್ರೆ ಉಣ್ತೀನಿ."

ಎಷ್ಟು ದಿನದ್ದೋ ಏನೋ, ಎಲ್ಲ ಒಟ್ಟಿಗೆ ಉಕ್ಕಿಬಂತು. "ಬರಾಕಿಲ್ಲ ಅವ್ಳು! ಸತ್ತೋದ್ಲು ನಿಮ್ಮ ಲಲಿತ! ಕೇಳಿಸ್ತಾ? ಸತ್ತೋದ್ಲು!"

ಹೇಳಿದ ಕ್ಷಣ ಅವಳಿಗೆ ಹಾಯೆನಿಸಿತು. ಕೊನೆಗೂ ಆ ಲಲಿತನನ್ನು ಮನೆಯಿಂದ ಆಚೆ ಹಾಕಿದೆ ಅನಿಸಿತು.

ಚಿಕ್ಕಣ್ಣ ಕಿರುಚಲಿಲ್ಲ. ಎದ್ದು ಹಿತ್ತಲಿಗೆ ಹೋದ. ತೊಟ್ಟಿಯಿಂದ ನೀರು ಮೊಗೆದು, ಅಂಗಿಯ ಸಮೇತ ತಲೆ ಮೇಲೆ ಸುರಿದುಕೊಂಡ. ಇನ್ನೊಂದು ಚೊಂಬು ತಂದು, ಉರಿಯುತ್ತಿದ್ದ ಸೌದೆಒಲೆಗೆ ಹೊಯ್ದ. ಚುಂಯ್ ಅಂತ ಬೂದಿ ಎದ್ದಿತು. ಸಾವಿನ ಮನೆಯಲ್ಲಿ ಒಲೆ ಉರಿಯಬಾರದು. ಮಗನ ಮುಖ ಮರೆತವನಿಗೆ ಅದು ಮರೆತಿರಲಿಲ್ಲ. ಆಮೇಲೆ ಜಗಲಿಗೆ ಬಂದು, ನೀರು ತೊಟ್ಟಿಕ್ಕುತ್ತಾ, ಬೀದಿಗೆ ಬೆನ್ನು ಮಾಡಿ ಕೂತ. ಮೋಹನ್‌ಕುಮಾರ್ ಎಷ್ಟು ಕರೆದರೂ ಒಳಗೆ ಬರಲಿಲ್ಲ. ಕೊನೆಗೆ ಅಲ್ಲಿಯೇ ಬಟ್ಟೆ ಬದಲಿಸಿ ಕಂಬಳಿ ಹೊದಿಸಬೇಕಾಯಿತು.

ಬೆಳಗಾಗುವಷ್ಟರಲ್ಲಿ ಮರೆತಿರುತ್ತಾನೆ ಅಂತ ಲಲಿತಮ್ಮ ಅಂದುಕೊಂಡಳು. ಮರೆತೇ ಇದ್ದ. ಲಲಿತನ ಹೆಸರೇ ಎತ್ತಲಿಲ್ಲ. ಆದರೆ ಕಾಯಿಗಳನ್ನು ಮುಟ್ಟಲಿಲ್ಲ, ಕಾಫಿ ಬೇಡವೆಂದ, ಕಣ್ಣು ಸುಮ್ಮನೆ ಒದ್ದೆಯಾಗುತ್ತಿತ್ತು.

"ಯಾಕ್ರೀ ಅಳ್ತೀರಾ?"

"ಗೊತ್ತಿಲ್ಲ ಕಣಮ್ಮ. ಏನೋ ಕಳ್ಕೊಂಡಂಗಾಗೈತೆ."

ಹೇಮಾಶ್ರೀ ಅತ್ತೆಯನ್ನು ಅಡುಗೆಮನೆಗೆ ಕರೆದು ಕೇಳಿದಳು. ಲಲಿತಮ್ಮ ಏನನ್ನೂ ಬಚ್ಚಿಡದೆ ಹೇಳಿಬಿಟ್ಟಳು. ಸೊಸೆ ಬಯ್ಯಲಿಲ್ಲ. "ಮಾತು ಮರೆತುಹೋಗುತ್ತೆ ಅತ್ತೆ, ಸಂಕಟ ಉಳ್ಕೊಳ್ಳುತ್ತೆ. ನರ್ಸಮ್ಮನೂ ಅದನ್ನೇ ಹೇಳಿದ್ರು," ಅಂದಳು. ಬಸ್ಸಿಗೆ ಹೊತ್ತಾಗಿತ್ತು, ಹೋದಳು.

ಅಂದು ಸಾಯಂಕಾಲ ಕೊಡೆ ಹುಡುಕುವ ಗಲಾಟೆಯೂ ಇರಲಿಲ್ಲ. ಆ ಗಲಾಟೆ ಇದ್ದರೇ ವಾಸಿಯಿತ್ತು ಅಂತ ಲಲಿತಮ್ಮನಿಗೆ ಅನಿಸಿತು. ಸೆರಗು ಹೊದ್ದುಕೊಂಡು ಜಗಲಿಗೆ ಬಂದು, ಅವನ ಪಕ್ಕದಲ್ಲಿ ನೆಂಟರ ಮನೆಯಲ್ಲಿ ಕೂರುವಂತೆ ತುಸು ದೂರ ಕೂತಳು. ಆಚೆ ಹಾಕಿದ್ದ ಲಲಿತನನ್ನು ಈಗ ತಾನೇ ಕರೆದು ತರಬೇಕಿತ್ತು.

"ನಾನು ಹಗರೆಯವ್ಳು," ಅಂದಳು ಕೊನೆಗೆ. "ಲಲಿತನ ಮನೆ ಪಕ್ಕ."

ಅವನ ಕತ್ತು ತಿರುಗಿತು. "ಹೌದೇನವ್ವ? ಹೆಂಗವ್ಳೆ?"

"ಚೆಂದಾಗವ್ಳೆ. ದುಂಡುದುಂಡಗವ್ಳೆ. ಆಷಾಢ ಇನ್ನೂ ಮುಗ್ದಿಲ್ಲ, ಅದಕ್ಕೇ ಕಳ್ಸಿಲ್ಲ."

ಅವನು ಉಸಿರು ಬಿಟ್ಟ. ಕಂಬಳಿಯಲ್ಲಿ ಕಣ್ಣು ಒರೆಸಿಕೊಂಡ. "ನಮ್ಮನ್ನ ಏನಾದ್ರೂ ಕೇಳ್ತಾಳಾ?"

ಇಲ್ಲ ಅಂದುಬಿಡೋಣ ಅಂತ ಒಂದು ಗಳಿಗೆ ಅನಿಸದೇ ಇರಲಿಲ್ಲ. "ಕೇಳ್ತಾಳೆ," ಅಂದಳು. "ಉಂಡವ್ರಾ ಇಲ್ವಾ ಅಂತಾಳೆ."

ಚಿಕ್ಕಣ್ಣ ನಕ್ಕ. ಆಚೆ ಈಚೆ ನೋಡಿ ಹತ್ತಿರ ಸರಿದ. "ನಿಮ್ಗೊಂದು ಹೇಳ್ತೀನಿ, ಅವ್ಳ ಕಿವಿಗೆ ಹಾಕ್‌ಬ್ಯಾಡಿ. ಅವ್ಳಿಗೆ ಮುದ್ದೆ ಕಟ್ಟಕ್ಕೆ ಬರಾಕಿಲ್ಲ. ಬರೀ ಗಂಟು. ಒಡದ್ರೆ ಒಳಗೆ ಹಸಿಹಿಟ್ಟು."

"ಮತ್ತೆ ಹೆಂಗುಣ್ತೀರಾ?"

"ನುಂಗ್‌ಬುಡ್ತೀನಿ. ನಮ್ಮವ್ವಂಗೆ ಗೊತ್ತಾದ್ರೆ ಬಯ್ತಾಳಲ್ಲ ಆ ಹುಡುಗೀನ. ಗಂಟಿರೋ ಮುದ್ದೆನೆಲ್ಲ ನನ್ನ ತಟ್ಟೆಗೇ ಹಾಕ್ಕೊಂತೀನಿ."

ಲಲಿತಮ್ಮನಿಗೆ ಇದು ತಿಳಿದಿರಲಿಲ್ಲ. ಆ ಕಾಲದಲ್ಲಿ ಅತ್ತೆ ಯಾಕೆ ಮುದ್ದೆಯ ವಿಷಯಕ್ಕೆ ಬೈಯಲಿಲ್ಲವೆಂದು ಅವಳು ಯೋಚಿಸಿರಲೇ ಇಲ್ಲ. ತನ್ನ ಕೈ ಮೊದಲಿಂದಲೂ ಚೆನ್ನಾಗಿತ್ತು ಅಂದುಕೊಂಡು ಬೀಗಿದ್ದಳು. ಹೊಟ್ಟೆ ಇನ್ನೊಮ್ಮೆ ಉರಿಯಿತು. ಎಂಥ ಗಂಡ ಸಿಕ್ಕಿದ್ದ ಆ ಹುಡುಗಿಗೆ! ಅವಳಿಗೆ ಅದು ಗೊತ್ತೂ ಇರಲಿಲ್ಲ, ಪೆದ್ದಿ.

ಎದ್ದು ಒಳಗೆ ಹೋಗಿ ಎಸರಿಟ್ಟಳು. ಗಂಟು ಮಾಡುವುದು ಅವಳಿಗೆ ಸುಲಭವಾಗಲಿಲ್ಲ. ಕೈ ತಾನೇ ತಾನಾಗಿ ಮೊದಲು ಚೂರು ಹಿಟ್ಟು ಕದಡಲು ಹೋಗುತ್ತಿತ್ತು, ತಡೆದಳು. ಹಿಟ್ಟನ್ನು ಒಮ್ಮೆಲೇ ಸುರಿದು, ಬೇಯುವ ಮೊದಲೇ ಕೋಲು ಹಾಕಿ ತಿರುವಿದಳು. ಕೋಲಿಗೆ ಗಂಟು ತಡೆಯಿತು. ನುರಿಯಲು ಮುಂದಾದ ಕೈಯನ್ನು ಹಿಂದಕ್ಕೆಳೆದುಕೊಂಡು ಮುದ್ದೆ ಕಟ್ಟಿದಳು. ಬೀದಿಯವರು ನೋಡಿದ್ದರೆ ಮಾನ ಹೋಗುತ್ತಿತ್ತು.

ಚಿಕ್ಕಣ್ಣ ಬೆರಳಲ್ಲಿ ಒತ್ತಿ ನೋಡಿದ. ಗಂಟೊಂದು ಬಿರಿದು ಹಸಿಹಿಟ್ಟು ಉದುರಿತು. ಅವನು ಅದನ್ನೇ ನೋಡಿದ. ಬೇಗಬೇಗ ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗಿದ. ಇನ್ನೊಂದು ತುತ್ತು, ಮತ್ತೊಂದು.

"ಬಂದವ್ಳೆ ಕಣಮ್ಮ," ಅಂತ ಪಿಸುಗುಟ್ಟಿದ. "ಒಳಗವ್ಳೆ. ಗಂಟು ಅಂತ ಅಂದೀರಾ ಮತ್ತೆ!"

"ನಾನ್ಯಾಕೆ ಅನ್ಲಿ," ಅಂದಳು ಲಲಿತಮ್ಮ.

ಅವನು ಅಡುಗೆಮನೆಯ ಕಡೆ ತಿರುಗಿ, ಬೀದಿಗೆಲ್ಲ ಕೇಳುವಂತೆ ಕೂಗಿದ. "ಲಲಿತಾ! ಇನ್ನರ್ಧ ಮುದ್ದೆ ತಗಂಬಾ! ಬಲು ಚೆಂದಾಗೈತೆ!"

ಲಲಿತಮ್ಮ ಎದ್ದು ಒಳಗೆ ಹೋದಳು. ಪಾತ್ರೆಯ ಮುಂದೆ ಕೊಂಚ ನಿಂತಳು. ಗಂಟಲು ಸರಿಮಾಡಿಕೊಂಡು, "ಬಂದೆ ಇರೀ!" ಅಂದಳು. ಆಚೆ ಅವನು ಖುಷಿಯಿಂದ ನಗುವುದು ಕೇಳಿಸಿತು. ಮುದ್ದೆ ಹಿಡಿದು ಬಂದಾಗ ಮಾತ್ರ ಅವನ ಕಣ್ಣು ಅವಳ ಮೇಲೆ ನಿಲ್ಲಲಿಲ್ಲ. ಅವಳ ಹೆಗಲಾಚೆ, ಬಾಗಿಲ ಕಡೆಗೇ ನೋಡುತ್ತಿತ್ತು.

ಹೊಟ್ಟೆಕಿಚ್ಚೇನೂ ಆರಲಿಲ್ಲ. ಆದರೆ ತಟ್ಟೆ ಖಾಲಿಯಾಯಿತು. ಅವಳು ಅದನ್ನು ತೊಳೆಯುತ್ತಾ, ನಾಳೆ ಹಿಟ್ಟನ್ನು ಇನ್ನೂ ಕೊಂಚ ಬೇಗ ತಿರುವಬೇಕು ಅಂದುಕೊಂಡಳು.