ಚರಕ ನುಂಗಿದ ಧ್ವಜ

ಹತ್ತಿಕೇರಿ ಪೇಟೆಯ ಧ್ವಜ ನಾನು. ಕೇಸರಿ, ಬಿಳಿ, ಹಸಿರು ಎಂದುಬಿಟ್ಟರೆ ನನ್ನ ಪರಿಚಯ ಮುಗಿಯಿತು ಅಂದುಕೊಳ್ಳಬೇಡಿ. ನನ್ನ ಹೊಟ್ಟೆಯೊಳಗೆ ಇನ್ನೊಂದು ಇದೆ. ಅದನ್ನು ಇಟ್ಟವಳು ಅಂಬವ್ವ.

ಅಂಬವ್ವ ಸಿಂಪಿಗರ ತುಳಜಪ್ಪನ ಹೆಂಡತಿ. ಸ್ವಾತಂತ್ರ್ಯ ಇನ್ನೇನು ಬಂತು ಎಂದು ಊರೆಲ್ಲ ಕುಣಿಯುತ್ತಿದ್ದಾಗ, ಪೇಟೆಯ ಅಗಸಿ ಬಾಗಿಲ ಮೇಲೆ ಹಾರಿಸಲೆಂದು ಗಂಡಹೆಂಡತಿ ಕೂಡಿ ನನ್ನನ್ನು ಹೊಲಿದರು. ನನ್ನ ನೂಲು ಅಂಬವ್ವನ ಕೈಯದೇ. ಆಗಿನ ಧ್ವಜದ ನಡುವೆ ಇರುತ್ತಿದ್ದದ್ದು ಚರಕ. ನೀಲಿ ಅರಿವೆಯಲ್ಲಿ ಅದನ್ನು ಕತ್ತರಿಸಿ ನನ್ನ ಬಿಳಿ ಪಟ್ಟಿಯ ಮೇಲೆ ಕೂಡಿಸಿದಳು. ಇರುವೆ ಸಾಲು ಹೊರಟಂಥ ಸಣ್ಣ ಹೊಲಿಗೆ.

ಎಲ್ಲ ಮುಗಿಸಿ ಮಡಿಚಿಟ್ಟ ಮೇಲೆ ಪತ್ರಿಕೆ ಬಂತು. ಧ್ವಜದ ನಡುವೆ ಇನ್ನು ಚರಕ ಇಲ್ಲವಂತೆ, ಚಕ್ರವಂತೆ!

“ಬಿಚ್ಚಿಬಿಡು,” ಎಂದ ತುಳಜಪ್ಪ.

“ಬಿಚ್ಚಂಗಿಲ್ಲ. ಇಷ್ಟ ವರ್ಷ ಚರಕ ತಿರಿವಿ ತಿರಿವಿ ನನ್ನ ರಟ್ಟಿ ಬಿದ್ದುಹೋಗ್ಯಾವು. ಈಗ ಅದನ್ನ ಹೊರಗ ಹಾಕ್ಲೇನು?”

“ಮತ್ತ ಚಕ್ರ ಎಲ್ಲಿ ಇಡ್ತಿ, ನನ್ನ ತಲಿ ಮ್ಯಾಲ?”

“ಚರಕದ ಮ್ಯಾಲ. ಆ ಕಡಿ ಒಂದು, ಈ ಕಡಿ ಒಂದು. ಒಳಗ ಇದು ತನ್ನ ಪಾಡಿಗೆ ತಾ ಇರತೈತಿ.”

“ಯಾರರ ನೋಡಿದ್ರ?”

“ನೋಡ್ಲಿ. ಅದೂ ತಿರಗೂದ, ಇದೂ ತಿರಗೂದ.”

ತುಳಜಪ್ಪ ನಕ್ಕುಬಿಟ್ಟ. ಅಂಬವ್ವ ದುಂಡಗಿನ ಎರಡು ಬಿಳಿ ಅರಿವೆಯ ಮೇಲೆ ನೀಲಿ ದಾರದಲ್ಲಿ ಚಕ್ರದ ಕಸೂತಿ ಹಾಕಿ, ನನ್ನ ಎರಡೂ ಮೈಗೆ ಹಚ್ಚಿದಳು. ಚರಕ ಒಳಗೆ ಅಡಗಿತು.

ಅಗಸಿಯ ಮೇಲೆ ನಾನು ಮೊದಲ ಸಲ ಬಿಚ್ಚಿಕೊಂಡಾಗ ಎದ್ದ ಕೂಗು ಈಗಲೂ ನನ್ನ ಎಳೆಎಳೆಯಲ್ಲಿದೆ. ಜನರೆಲ್ಲ ಪೇಟೆಯ ಬದಿಗೆ, ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಅಂಬವ್ವ ಒಬ್ಬಳೇ ಅಗಸಿ ದಾಟಿ ಆಚೆ ಹೋಗಿ, ಹಣೆಗೆ ಕೈ ಅಡ್ಡ ಹಿಡಿದು ನೋಡಿ ನಕ್ಕಳು. ಪ್ರತಿ ವರ್ಷವೂ ಹೀಗೇ. ಮುಂದೆ ಮೊಮ್ಮಗಳು ಚಂದ್ರಿ ಸೆರಗು ಜಗ್ಗಿ, “ಎಲ್ಲಾರೂ ಈ ಕಡಿ ಅದಾರ, ನೀ ಒಬ್ಬಾಕಿ ಯಾಕ ಆ ಕಡಿ ಹೊಂಟಿ ಅಜ್ಜಿ?” ಎಂದು ಕೇಳುತ್ತಿದ್ದಳು. “ನನಗ ಆ ಕಡಿಂದನ ಚಂದ ಕಾಣತೈತಿ, ಹೋಗ,” ಎನ್ನುತ್ತಿದ್ದಳು ಅಜ್ಜಿ.

ಒಂದು ವರ್ಷ ಗಾಳಿ ಜೋರಾಗಿ ನನ್ನ ಹಸಿರು ಅಂಚು ಹರಿಯಿತು. ಮುನ್ಸಿಪಾಲ್ಟಿಯ ಸಿಪಾಯಿ ಮಾಬೂಸಾಬ ನನ್ನನ್ನು ಕೂಸಿನಂತೆ ಇಳಿಸಿ, ಬೇವಿನೆಲೆ ಹಾಕಿ ಕಪಾಟಿನಲ್ಲಿಟ್ಟ. ಅಲ್ಲೇ ಮಲಗಿದೆ. ತುಳಜಪ್ಪ ಹೋದದ್ದು, ಅಂಬವ್ವ ಹೋದದ್ದು ಯಾವುದೂ ನನಗೆ ತಿಳಿಯಲಿಲ್ಲ.

ಹಳೆಯ ಹತ್ತಿ ಗಿರಣಿಯನ್ನು ಊರಿನ ವಸ್ತುಸಂಗ್ರಹಾಲಯ ಮಾಡಿದಾಗ ಅದನ್ನು ನೋಡಿಕೊಳ್ಳುವ ವಸುಮತಿ ಮೇಡಂ ನನ್ನನ್ನು ಹೊರತೆಗೆದರು. ಸುದ್ದಿ ಕೇಳಿ ಚಂದ್ರವ್ವ ಬಂದಳು. ಹೌದು, ಅದೇ ಚಂದ್ರಿ. ತಲೆ ನೆರೆತಿತ್ತು. ಖಾದಿ ಕೇಂದ್ರದಲ್ಲಿ ಧ್ವಜ ಹೊಲಿಯುತ್ತಲೇ ಆಯುಷ್ಯ ಕಳೆದವಳು. ಬಂದವಳೇ ನನ್ನನ್ನು ಸುಡಬೇಕೆಂದಳು!

“ಹರದ ಧ್ವಜ ಮಂದಿಗೆ ತೋರಸ್ತಾರೇನ್ರಿ ಮೇಡಂ? ಮರ್ಯಾದಿಲೆ ಅಗ್ನಿಗೆ ಕೊಡಬೇಕು.”

“ಇದು ನಿಮ್ಮಜ್ಜಿ ಹೊಲಿದದ್ದಲ್ವಾ?”

“ಅದಕ್ಕ ಹೇಳ್ತೀನ್ರಿ. ನಡುವ ನೋಡ್ರಿ, ಹೆಂಗ ಉಬ್ಬೇತಿ. ನಮ್ಮ ಕೇಂದ್ರದಾಗ ಇಂಥಾದ್ದು ಬಂದ್ರ ವಾಪಸ್ ಒಗಿತೀವಿ. ನಾಳೆ ಊರ ಮಂದಿ, ಅಂಬವ್ವಗ ಹೊಲಿಯಾಕ ಬರತಿದ್ದಿಲ್ಲ ಅಂತಾರ. ನಾ ಹೆಂಗ ಕೇಳ್ಲಿ ಅದನ್ನ?”

ಮೇಡಂ ನನ್ನ ಹರಿದ ಅಂಚನ್ನು ಮೆಲ್ಲಗೆ ಸವರಿದರು. ಕೊನೆಗೆ, “ಆಯ್ತಮ್ಮ, ನಿಮ್ಮ ಮಾತೇ ಆಗಲಿ. ಒಂದು ಫೋಟೋ ಮಾತ್ರ ತೆಗೀತೀನಿ,” ಎಂದರು.

ಚಂದ್ರವ್ವ ಒಂದು ತುದಿ, ಕಾವಲುಗಾರ ಇನ್ನೊಂದು ತುದಿ ಹಿಡಿದು ನನ್ನನ್ನು ಮೂಡಣ ಬಾಗಿಲಿಗೆ ಅಡ್ಡ ಎತ್ತಿದರು. ಹೊರಗೆ ಎಳೆಬಿಸಿಲು. ಎಷ್ಟು ಕಾಲವಾಗಿತ್ತು ನನ್ನೊಳಗೆ ಬಿಸಿಲು ಇಳಿದು! ಒಳಗೆ ಕ್ಯಾಮೆರಾ ಹಿಡಿದಿದ್ದ ಮೇಡಂ ಕೈ ಕೆಳಗಿಳಿಯಿತು.

“ಚಂದ್ರವ್ವ, ಅದನ್ನ ನಂಗೆ ಕೊಟ್ಟು ನೀವು ಈ ಕಡೆ ಬನ್ನಿ.”

ಚಂದ್ರವ್ವ ಬಂದು ನಿಂತಳು. ಬಿಸಿಲು ಕಣ್ಣಿಗೆ ಹೊಡೆಯಿತು. ಹಣೆಗೆ ಕೈ ಅಡ್ಡ ಹಿಡಿದಳು. ಚಕ್ರದ ಹಿಂದೆ, ಗಾಲಿ ಕದಿರುಗಳ ಸಮೇತ ಒಂದು ಚರಕ ಕಪ್ಪಗೆ ಮೂಡಿ ನಿಂತಿತ್ತು.

“ಅಯ್ಯ ನಮ್ಮಜ್ಜಿನ! ಇದನ್ನ ನೋಡಾಕ ಆ ಕಡಿ ಹೋಗ್ತಿದ್ಲು ಮುದುಕಿ!” ಎಂದು ನಗುತ್ತ ನಗುತ್ತ ನೆಲಕ್ಕೆ ಕುಳಿತು ಅತ್ತಳು. ಸುಡುವ ಮಾತು ಅಲ್ಲಿಗೆ ಮುಗಿಯಿತು.

ಈಗ ಅಗಸಿಯ ಮೇಲೆ ಚಂದ್ರವ್ವ ಹೊಲಿದ ಧ್ವಜ ಹಾರುತ್ತದೆ. ಬಲು ಚೊಕ್ಕ ಕೆಲಸ, ನಾನೇ ಮೆಚ್ಚಿದ್ದೇನೆ. ನಾನು ಮೂಡಣ ಕಿಟಕಿಯ ಮುಂದೆ ಎರಡು ಗಾಜಿನ ನಡುವೆ ಇದ್ದೇನೆ. ಹರಿದ ಅಂಚು ಹಾಗೇ ಇದೆ, ಹೊಲಿಯಬೇಡಿರೆಂದವಳು ಚಂದ್ರವ್ವನೇ. ಬೆಳಿಗ್ಗೆ ಜನ ಬಂದು ಕಿಟಕಿಯ ಬದಿಗೆ ನಿಂತರೆ, “ಆ ಕಡಿ ಅಲ್ರಿ, ಈ ಕಡಿ ಬರ್ರಿ. ನಮ್ಮಜ್ಜಿ ನಿಂತ ನೋಡ್ತಿದ್ದ ಕಡಿ,” ಎಂದು ಕೈಹಿಡಿದು ಕರೆತರುತ್ತಾಳೆ. ಬಿಸಿಲು ಬರುತ್ತದೆ. ನಾನು ಎದೆಯುಬ್ಬಿಸಿ ತೋರಿಸುತ್ತೇನೆ.